ಥ್ರೆಡ್ಡಿಗೆ ಮುನ್ನ ಸರಳಿನ ಅಳತೆ

ಸರಳಿನ ಮೇಲೆ ಥ್ರೆಡ್ ಕೊರೆಯಲು ಇಂಗ್ಲೆಂಡಿನ ಕಾರ್ಖಾನೆಗಳು ಒಂದು ಕಾಲಕ್ಕೆ ತಮ್ಮ ತಮ್ಮದೇ ಅಳತೆ ಇಟ್ಟುಕೊಂಡಿದ್ದವು. 1841ರಲ್ಲಿ ಎಂಜಿನಿಯರ್ ಜೋಸೆಫ್ ವಿಟ್ವರ್ಥ್ 55 ಡಿಗ್ರಿ ಕೋನದ ಏಕರೂಪದ ಥ್ರೆಡ್ ಸೂಚಿಸಿದ. ಯಂತ್ರಗಳ ಜೊತೆ ಆ ಇಂಚಿನ ಲೆಕ್ಕ ಭಾರತಕ್ಕೂ ಬಂತು. 1956ರಲ್ಲಿ ದೇಶದಲ್ಲಿ ಮೆಟ್ರಿಕ್ ಕಾಯಿದೆ ಆಯಿತು.

ಅಳತೆ ಬದಲಾಯಿತು, ಲೋಹದ ಗುಣ ಬದಲಾಗಲಿಲ್ಲ. ಥ್ರೆಡ್ ಕೊರೆಯುವ ಡೈ ತಿರುಗುವಾಗ ಲೋಹ ಹೊರಕ್ಕೆ ಉಬ್ಬುತ್ತದೆ. ಆದ್ದರಿಂದ ಸರಳಿನ ವ್ಯಾಸವನ್ನು ಪಕ್ಕಪಕ್ಕದ ಎರಡು ಥ್ರೆಡ್‌ಗಳ ನಡುವಿನ ಅಂತರವಾದ ಪಿಚ್‌ನ ಹತ್ತನೇ ಒಂದಂಶದಷ್ಟು ತಗ್ಗಿಸುವುದು ವಾಡಿಕೆ. 10 ಮಿ.ಮೀ. ಬೋಲ್ಟಿಗೆ ಪಿಚ್ 1.5 ಆದರೆ ಸರಳು 9.85. ತುದಿಯನ್ನು ಓರೆಯಾಗಿ ಅರದಿಂದ ಉಜ್ಜಿದರೆ ಡೈ ನೆಟ್ಟಗೆ ಕೂರುತ್ತದೆ. ದಪ್ಪ ಸರಳಿನಲ್ಲಿ ಥ್ರೆಡ್ ಹರಿಯುತ್ತದೆ, ಡೈಯ ಹಲ್ಲೂ ಮುರಿಯಬಹುದು. ಅಡಿಕೆ ತೋಟದ ಪಂಪಿನ ಬೋಲ್ಟಾದರೂ ಮೊದಲು ಅಳೆದೇ ಕೊರೆಯಬೇಕು.