ಗಾಳಿಯ ಹಿಂದಿನ ಕೈ

ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ನನ್ನ ಓದುವ ಕೋಣೆಯ ಫ್ಯಾನು ಗುಂಯ್‌ಗುಟ್ಟಿತೇ ಹೊರತು ತಿರುಗಲಿಲ್ಲ. ರಿಪೇರಿಗೆ ಬಂದ ತರುಣ ಒಂದು ಕೋಲಿನಿಂದ ರೆಕ್ಕೆಯನ್ನು ಮೆಲ್ಲಗೆ ತಳ್ಳಿದ, ಫ್ಯಾನು ತಿರುಗತೊಡಗಿತು. ಅದನ್ನು ನಿಲ್ಲಿಸಿ, ಮತ್ತೆ ಸ್ವಿಚ್ಚು ಹಾಕಿ ವಿರುದ್ಧ ದಿಕ್ಕಿಗೆ ತಳ್ಳಿದ. ಆ ದಿಕ್ಕಿಗೂ ತಿರುಗಿತು. “ಕಂಡೆನ್ಸರ್ ಹೋಗಿದೆ ಸಾರ್. ಈಗ ಇದಕ್ಕೊಂದು ಕೈ ಬೇಕು” ಎಂದ. ಅವನು ಸಹಜವಾಗಿ ಆಡಿದ ಆ ಮಾತಿನಲ್ಲಿ ನನಗೆ ಇನ್ನೂರು ವರ್ಷಗಳ ಚರಿತ್ರೆ ಕೇಳಿಸಿತು.

ನಮ್ಮ ‘ಬೀಸಣಿಗೆ’ ಎಂಬ ಮಾತು ‘ಬೀಸು’ ಎಂಬ ಕ್ರಿಯೆಯಿಂದ ಹುಟ್ಟಿದ್ದು. ರಾಗಿ ಬೀಸುವುದು, ಬಲೆ ಬೀಸುವುದು ಎನ್ನುವಾಗಿನಂತೆ ಇಲ್ಲಿಯೂ ದುಡಿಯುವ ಕೈಯೊಂದು ಮಾತಿನೊಳಗೇ ಇದೆ. ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ ಕಲ್ಕತ್ತೆಯ ಆಂಗ್ಲರ ಮನೆಗಳಲ್ಲಿ ಆ ಕೈಯನ್ನು ಕಣ್ಣಿಗೆ ಕಾಣದಂತೆ ಮಾಡುವ ಏರ್ಪಾಡೊಂದು ಬಳಕೆಗೆ ಬಂದಿತು. ಚಾವಣಿಯಿಂದ ತೂಗುಬಿಟ್ಟ ಮರದ ಚೌಕಟ್ಟು, ಅದಕ್ಕೆ ಬಟ್ಟೆಯ ಅಂಚು, ಗೋಡೆಯ ರಂಧ್ರದ ಮೂಲಕ ಜಗಲಿಗೆ ಹಾಯ್ದ ಹಗ್ಗ. ಇದೇ ಪಂಖಾ. ಹಗ್ಗದ ಹೊರತುದಿಯಲ್ಲಿ ಕುಳಿತವನು ಹಗಲಿರುಳೆನ್ನದೆ ಎಳೆಯಬೇಕು. ಕೈ ಸೋತರೆ ಹಗ್ಗವನ್ನು ಕಾಲಿಗೆ ಕಟ್ಟಿಕೊಂಡು ಎಳೆಯುತ್ತಿದ್ದುದುಂಟು. ತೂಕಡಿಸಿದರೆ ಬೈಗುಳವೂ ಒದೆಯೂ ಬೀಳುತ್ತಿದ್ದುದುಂಟು. ಒಳಗಿದ್ದವರ ಹೆಸರುಗಳು ಚರಿತ್ರೆಯಲ್ಲಿ ಉಳಿದವು. ಹಗ್ಗ ಎಳೆದವರ ಹೆಸರುಗಳು ಉಳಿಯಲಿಲ್ಲ. ಇ.ಎಂ. ಫಾರ್ಸ್ಟರ್ ೧೯೨೪ರಲ್ಲಿ ಪ್ರಕಟಿಸಿದ ‘ಎ ಪ್ಯಾಸೇಜ್ ಟು ಇಂಡಿಯಾ’ ಕಾದಂಬರಿಯ ನ್ಯಾಯಾಲಯದಲ್ಲಿ ಇಂಥವನೊಬ್ಬನಿದ್ದಾನೆ. ವಿಚಾರಣೆ ಮುಗಿದು ಜನರೆಲ್ಲ ಹೊರಟುಹೋದರೂ, ನಡೆದದ್ದೇನೆಂದು ಅರಿಯದೆ, ಬರಿದಾದ ಸಭಾಂಗಣದಲ್ಲಿ ಆತ ಹಗ್ಗ ಎಳೆಯುತ್ತಲೇ ಇರುತ್ತಾನೆ.

ಅಷ್ಟರಲ್ಲಾಗಲೇ ಈ ಕೈಗೆ ಬದಲಿ ಹುಟ್ಟಿತ್ತು. ಅಮೆರಿಕದ ಸಿಂಗರ್ ಹೊಲಿಗೆಯಂತ್ರದ ಕಾರ್ಖಾನೆಯಲ್ಲಿದ್ದ, ಜರ್ಮನಿಯಲ್ಲಿ ಹುಟ್ಟಿದ ಫಿಲಿಪ್ ಡೀಲ್ ೧೮೮೦ರ ದಶಕದಲ್ಲಿ ವಿದ್ಯುತ್ ಮೋಟಾರಿಗೆ ರೆಕ್ಕೆಗಳನ್ನು ಕೂಡಿಸಿ ಅದನ್ನು ಚಾವಣಿಗೆ ತೂಗುಬಿಟ್ಟ. ನಮ್ಮ ನಾಡಿನಲ್ಲಿ ಶಿವನಸಮುದ್ರದ ವಿದ್ಯುತ್ತು ೧೯೦೨ರಲ್ಲಿ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಸಾಮಾನ್ಯರ ಮನೆಗೆ ಫ್ಯಾನು ಬಂದುದಾದರೋ ಬಹಳ ತಡವಾಗಿ. ೧೯೬೦ರ ದಶಕದ ನನ್ನ ಬಾಲ್ಯದಲ್ಲಿ ನಮ್ಮ ಮನೆಯಲ್ಲಿದ್ದುದು ಲಾವಂಚದ ಒಂದು ಬೀಸಣಿಗೆ, ಮತ್ತು ನಾವು ನಿದ್ದೆಹೋಗುವ ತನಕ ಅದನ್ನು ಬೀಸುತ್ತಿದ್ದ ತಾಯಿಯ ಬಳೆಯ ಸದ್ದು.

ಇನ್ನು ಆ ತರುಣನ ಮಾತಿಗೆ ಬರೋಣ. ಮನೆಗೆ ಬರುವ ವಿದ್ಯುತ್ತು ಸೆಕೆಂಡಿಗೆ ೫೦ ಆವರ್ತಗಳಂತೆ ಹಿಂದುಮುಂದಾಗಿ ಹರಿಯುತ್ತದೆ. ಒಂದೇ ತಂತಿಸುರುಳಿಯಲ್ಲಿ ಹರಿದಾಗ ಅದು ಕಾಂತಬಲವನ್ನು ಹಳೆಯ ಪಂಖಾದಂತೆ ಅತ್ತಿಂದಿತ್ತ ತೂಗಿಸಬಲ್ಲದು. ನಿಂತ ಫ್ಯಾನನ್ನು ತಿರುಗಿಸಲಾರದು. ಅದಕ್ಕಾಗಿ ಎರಡನೆಯ ಸುರುಳಿಯೊಂದನ್ನಿಟ್ಟು, ಅದರ ಪ್ರವಾಹವನ್ನು ಕಂಡೆನ್ಸರಿನ ನೆರವಿನಿಂದ ತುಸು ಮುಂದೆ ಸರಿಸುತ್ತಾರೆ. ಆ ಅಂತರವೇ ಮೊದಲ ತಳ್ಳಿಕೆ, ಅದೇ ದಿಕ್ಕನ್ನು ತೋರುವ ಬೆರಳು. ಹೆಬ್ಬೆರಳ ಗಾತ್ರದ ಆ ಡಬ್ಬಿ ಸತ್ತರೆ ಫ್ಯಾನು ಮತ್ತೆ ಮನುಷ್ಯನ ಕೈಯನ್ನು ಬೇಡುತ್ತದೆ.

ಯಂತ್ರದ ದೂರುಗಳಿಗೂ ಒಂದು ಭಾಷೆಯಿದೆ. ಫ್ಯಾನು ಬರಬರುತ್ತ ನಿಧಾನವಾದರೆ ಕಂಡೆನ್ಸರು ದುರ್ಬಲವಾಗಿರಬಹುದು. ಹಳೆಯದರ ಮೇಲೆ ೨.೫ ಮೈಕ್ರೋಫ್ಯಾರಡ್ ಎಂದು ಬರೆದಿದ್ದರೆ ಹೊಸದೂ ಅಷ್ಟೇ ಇರಬೇಕು. ಗರಗರ ಸದ್ದು ಬಂದರೆ ಬೇರಿಂಗನ್ನು ನೋಡಬೇಕು. ಓಲಾಡಿದರೆ ರೆಕ್ಕೆ ಬಾಗಿರಬಹುದು, ತಿರುಪು ಸಡಿಲಿರಬಹುದು. ಗುಂಯ್‌ಗುಟ್ಟಿ ನಿಂತ ಫ್ಯಾನಿಗೆ ವಿದ್ಯುತ್ತು ಹರಿಯುತ್ತಲೇ ಇದ್ದರೆ ಸುರುಳಿ ಕಾದು ಸುಟ್ಟುಹೋದೀತು. ಕೂಡಲೇ ಸ್ವಿಚ್ಚು ಆರಿಸಬೇಕು. ಮುಟ್ಟುವ ಮುನ್ನ ಮೇನ್ ತೆಗೆಯಬೇಕು. ವರ್ಷಕ್ಕೊಮ್ಮೆ ಕೊಕ್ಕೆಯ ಬಳಿಯ ಬೋಲ್ಟು, ಪಿನ್ನುಗಳನ್ನು ನೋಡಿಸುವುದು ಒಳಿತು. ಕೆಳಗೆ ಮಲಗುವವರ ಪ್ರಾಣ ನಿಂತಿರುವುದು ಅವುಗಳ ಮೇಲೆ. ಈಗ ಬಂದಿರುವ ಬಿ.ಎಲ್.ಡಿ.ಸಿ. ಫ್ಯಾನುಗಳಿಗೆ ಈ ಕಂಡೆನ್ಸರಿನ ಹಂಗಿಲ್ಲ; ಹಳೆಯವು ೭೫ ವ್ಯಾಟಿನಷ್ಟು ಬೇಡುವಲ್ಲಿ ಇವು ಸುಮಾರು ೩೦ರಲ್ಲಿ ತೃಪ್ತವಾಗುತ್ತವೆ. ಹಗ್ಗ ಎಳೆದವನ ನೆನಪು ಇನ್ನೂ ಒಂದು ಹೆಜ್ಜೆ ದೂರ ಸರಿಯಿತು.

ಆದರೆ ಆ ದುಡಿಮೆ ಪೂರ್ತಿ ಮಾಯವಾಯಿತೆ? ಅಂದು ಮೇನ್ ತೆಗೆದಿದ್ದರಿಂದ ಮನೆಯಲ್ಲಿ ಒಂದೆಲೆಯೂ ಅಲುಗುವಂತಿರಲಿಲ್ಲ. ನನಗೆ ಗಾಳಿ ಬರಲೆಂದು ತರುಣ ಸ್ಟೂಲಿನ ಮೇಲೆ ನಿಂತು, ಎರಡೂ ಕೈಯೆತ್ತಿ, ಬೆವರು ಸುರಿಸುತ್ತಿದ್ದ. ಕೆಳಗೆ ಕುರ್ಚಿಯಲ್ಲಿ ಕುಳಿತು, ಬೇಗ ಆಗಲಿ ಎಂದು ನಾನು ಎರಡು ಬಾರಿ ಗದರಿದ್ದೆ. ಗೋಡೆಯ ಆಚೆ ಇದ್ದವನನ್ನು ಗದರಿದ ದನಿಯೂ ಹೀಗೆಯೇ ಇದ್ದಿರಬೇಕೆಂದು ಹೊಳೆದು ನಾಚಿಕೆಯಾಯಿತು. ಮೊಳೆಗೆ ತೂಗುಹಾಕಿದ್ದ ತಾಯಿಯ ಬೀಸಣಿಗೆಯನ್ನು ತೆಗೆದುಕೊಂಡು ಅವನ ಬಳಿ ನಿಂತೆ.

“ಬೇಡಿ ಸಾರ್, ನೀವು ಕೂತ್ಕೊಳ್ಳಿ” ಎಂದ ಸಂಕೋಚದಿಂದ.

ಅವನು ಕೆಳಗಿಳಿಯುವ ತನಕ ನಾನು ಬೀಸುತ್ತಲೇ ಇದ್ದೆ.