ಧ್ವನಿಮುದ್ರಣ ನಡೆದುಬಂದ ದಾರಿ

“ಮೇಷ್ಟ್ರೇ, ಹಳೆಯ ಗ್ರಾಮಫೋನ್ ಪ್ಲೇಟುಗಳಲ್ಲಿ ಹಾಡುವವರು ಯಾರನ್ನೋ ದೂರದಿಂದ ಕೂಗಿ ಕರೆದ ಹಾಗೆ ಹಾಡುತ್ತಾರಲ್ಲ, ಏಕೆ?” ಎಂದು ನನ್ನ ತರಗತಿಯ ಹುಡುಗನೊಬ್ಬನು ಒಮ್ಮೆ ಕೇಳಿದನು. ಪ್ರಶ್ನೆ ಚಿಕ್ಕದು; ಉತ್ತರಕ್ಕೆ ಒಂದು ಚರಿತ್ರೆಯನ್ನೇ ಹೇಳಬೇಕಾಗುತ್ತದೆ. ವಾಚಕರೇ, ಅದನ್ನು ತಮ್ಮ ಮುಂದೆಯೂ ಇಡುತ್ತಿದ್ದೇನೆ.

ನುಡಿದೊಡನೆ ಗಾಳಿಯಲ್ಲಿ ಕರಗಿಹೋಗುವುದು ದನಿಯ ಸ್ವಭಾವ. 1877ರಲ್ಲಿ ಅಮೆರಿಕದ ಎಡಿಸನ್ನನು ತವರದ ತೆಳುಹಾಳೆ ಸುತ್ತಿದ ಉರುಳೆಯ ಮೇಲೆ ಅದನ್ನು ಸೂಜಿಯಿಂದ ಗೀರಿಸಿ, ತನ್ನ ಮಾತನ್ನು ತಾನೇ ಮರಳಿ ಕೇಳಿದನು. ಹತ್ತು ವರ್ಷಗಳ ತರುವಾಯ ಎಮಿಲ್ ಬರ್ಲಿನರನು ಉರುಳೆಗೆ ಬದಲಾಗಿ ಚಪ್ಪಟೆಯ ತಟ್ಟೆಯನ್ನು ತಂದನು. ಒಂದು ಅಚ್ಚಿನಿಂದ ಹಲವು ಪ್ರತಿಗಳನ್ನು ಒತ್ತುವುದು ಇದರಿಂದ ಸುಲಭವಾಯಿತು.

ಆದರೆ ಆಗ ದನಿಗೆ ವಿದ್ಯುತ್ತಿನ ನೆರವಿರಲಿಲ್ಲ. ಗಾಯಕನು ದೊಡ್ಡದೊಂದು ಕಹಳೆಯ ಬಾಯಿಗೆ ಮೊಗವಿಟ್ಟು ಹಾಡಬೇಕು. ಅವನ ಉಸಿರಿನ ಬಲವೇ ಸೂಜಿಯನ್ನು ನಡುಗಿಸಿ ಮೇಣದ ಮೇಲೆ ಗೆರೆ ಕೊರೆಯಬೇಕು. ತಾರಸ್ಥಾಯಿಗೆ ಏರಿದಾಗ ಹಿಂದಕ್ಕೆ, ಮಂದ್ರಕ್ಕೆ ಇಳಿದಾಗ ಮುಂದಕ್ಕೆ ಸರಿಯಬೇಕು. ದನಿ ಸಾಲದೆಂದು ಪಿಟೀಲಿಗೂ ಲೋಹದ ಕಹಳೆಯನ್ನು ಜೋಡಿಸಿದ್ದುಂಟು. 1902ರಲ್ಲಿ ಫ್ರೆಡ್ ಗೈಸ್ಬರ್ಗನು ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಗಾಯನವನ್ನು ಮುದ್ರಿಸಿದ್ದು ಹೀಗೆಯೇ. ಗಂಟೆಗಟ್ಟಲೆ ಬೆಳೆಯಬಲ್ಲ ರಾಗವನ್ನು ಆಕೆ ಸುಮಾರು ಮೂರು ನಿಮಿಷಕ್ಕೆ ಅಡಕಗೊಳಿಸಿ, ಕೊನೆಯಲ್ಲಿ ತಮ್ಮ ಹೆಸರನ್ನು ತಾವೇ ಸಾರುತ್ತಿದ್ದರು. ಹುಡುಗನ ಪ್ರಶ್ನೆಗೆ ಉತ್ತರ ಇಲ್ಲಿದೆ: ಅಂದು ಯಂತ್ರ ಮನುಷ್ಯನಿಗೆ ಬಾಗಲಿಲ್ಲ, ಮನುಷ್ಯನೇ ಯಂತ್ರಕ್ಕೆ ಬಾಗಿದನು.

ಈ ತೊಡಕು ಸಭೆಗಳಲ್ಲಿಯೂ ಇತ್ತು. ನಮ್ಮ ಮೈಸೂರಿನ ಟಿ. ಚೌಡಯ್ಯನವರು ಹಿಂದಿನ ಸಾಲಿನವರಿಗೂ ನಾದ ಮುಟ್ಟಲೆಂದು ಪಿಟೀಲಿನ ನಾಲ್ಕು ತಂತಿಗೆ ಮೂರು ಸೇರಿಸಿ ಏಳು ಮಾಡಿಕೊಂಡುದು ಪ್ರಸಿದ್ಧವಾಗಿದೆ.

1925ರಲ್ಲಿ ಮೈಕ್ರೊಫೋನು ಧ್ವನಿಮುದ್ರಣಕ್ಕೆ ಬಂದಿತು. ದನಿ ವಿದ್ಯುತ್ತಾಗಿ ಹಿಗ್ಗಿ, ಆಮೇಲೆ ಸೂಜಿಯನ್ನು ನಡೆಸತೊಡಗಿತು. ಕೂಗುವ ಅಗತ್ಯ ತಪ್ಪಿತು. ಪಿಸುಮಾತಿಗೂ ಬೆಲೆ ಬಂದಿತು. 1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದ ಆರಂಭಿಸಿದ ‘ಆಕಾಶವಾಣಿ’ಯೂ ಈ ಉಪಕರಣದ ಫಲವೇ ಅಲ್ಲವೇ?

1931ರಲ್ಲಿ ಇಂಗ್ಲೆಂಡಿನ ಅಲನ್ ಬ್ಲಮ್ಲೀನ್ ಎಂಬ ಎಂಜಿನಿಯರನು, ನಮಗೆ ಎರಡು ಕಿವಿಗಳಿರುವಾಗ ಯಂತ್ರಕ್ಕೆ ಒಂದೇ ಏಕೆ ಎಂದು ಚಿಂತಿಸಿ, ಸ್ಟೀರಿಯೊ ಪದ್ಧತಿಗೆ ಪೇಟೆಂಟ್ ಕೋರಿದನು. 1942ರಲ್ಲಿ ರೇಡಾರ್ ಪರೀಕ್ಷೆಯ ವಿಮಾನ ಉರುಳಿ, ತನ್ನ 38ನೆಯ ವಯಸ್ಸಿನಲ್ಲಿ ಆತನು ಮಡಿದನು. ಸ್ಟೀರಿಯೊ ಪ್ಲೇಟುಗಳು ಅಂಗಡಿಗೆ ಬಂದುದು 1958ರ ಹೊತ್ತಿಗೆ.

ಮೂರು ನಿಮಿಷದ ಕಟ್ಟನ್ನು ಬಿಡಿಸಿದ್ದು ಕಾಂತದ ಟೇಪು. ಜರ್ಮನರು 1935ರಲ್ಲಿ ಬರ್ಲಿನ್ನಿನಲ್ಲಿ ಅದರ ಯಂತ್ರವನ್ನು ಪ್ರದರ್ಶಿಸಿದರು. ಯುದ್ಧ ಮುಗಿದ ಮೇಲೆ ಜ್ಯಾಕ್ ಮಲಿನ್ ಎಂಬ ಅಮೆರಿಕದ ಸೈನಿಕನು ಅಂತಹ ಯಂತ್ರಗಳನ್ನು ತನ್ನ ದೇಶಕ್ಕೆ ಒಯ್ದನು. 1947ರಲ್ಲಿ ಬಿಂಗ್ ಕ್ರಾಸ್ಬಿಯ ರೇಡಿಯೊ ಕಾರ್ಯಕ್ರಮ ಟೇಪಿನಿಂದ ಪ್ರಸಾರವಾಯಿತು. ತಪ್ಪಿದ ಕಡೆ ಕತ್ತರಿಸಿ ಅಂಟಿಸುವ ಅನುಕೂಲವೂ ಒದಗಿತು.

ಆದರೆ ಟೇಪಿಗೆ ಮರೆಯುವ ಗುಣವೂ ಉಂಟು. ಅಳಿಸಿ ಮತ್ತೆ ಬಳಸಬಹುದಾದುದರಿಂದಲೇ 1960 ಮತ್ತು 70ರ ದಶಕಗಳಲ್ಲಿ ಬಿ.ಬಿ.ಸಿ.ಯ ಎಷ್ಟೋ ಟೆಲಿವಿಷನ್ ಕಾರ್ಯಕ್ರಮಗಳು ಅಳಿದುಹೋದವು. ಹಿಡಿಯುವ ಯಂತ್ರ ಬಂದ ಮಾತ್ರಕ್ಕೆ ಉಳಿಸುವ ಬುದ್ಧಿ ತಾನಾಗಿ ಬರುವುದಿಲ್ಲ.

ಆದುದರಿಂದ ವಾಚಕರೇ, ತಮ್ಮ ಮನೆಯ ಅಟ್ಟದಲ್ಲಿ ಹಳೆಯ ಪ್ಲೇಟುಗಳಿದ್ದರೆ ಗುಜರಿಗೆ ಹಾಕುವ ಮುನ್ನ ಒಮ್ಮೆ ಕೇಳಿರಿ. ಮನೆಯ ಹಿರಿಯರು ಇನ್ನೂ ಹಸೆಯ ಹಾಡು ಹೇಳುವವರಾಗಿದ್ದರೆ ಅದನ್ನು ಇಂದೇ ಮುದ್ರಿಸಿಕೊಳ್ಳಿರಿ. ಅಂದು ಕಹಳೆಯ ಮುಂದೆ ನಿಂತವರು ಪಟ್ಟ ಕಷ್ಟ ಈಗ ಯಾರಿಗೂ ಇಲ್ಲ, ಮನಸ್ಸೊಂದಿದ್ದರೆ ಸಾಕು.