‘ಟು’ ಎಲ್ಲಿ, ‘ಫಾರ್’ ಎಲ್ಲಿ: ಒಂದು ಕೆಂಪು ಗೆರೆಯ ಹಿಂದಿನ ಇತಿಹಾಸ

ಡಿಪ್ಲೊಮಾ ಓದುವಾಗ ನಾವು ಮೂವರು ಮೈಸೂರಿನ ರಾಮಕೃಷ್ಣನಗರದಲ್ಲಿ ಒಂದು ರೂಮು ಮಾಡಿಕೊಂಡಿದ್ದೆವು. ಒಂದು ಕಚೇರಿಗೆ ಇಂಗ್ಲಿಷಿನಲ್ಲಿ ಬರೆದುಕೊಟ್ಟ ಅರ್ಜಿ ವಾಪಸ್ ಬಂತು. ‘ಡಿಸ್ಕಸ್ಡ್ ಅಬೌಟ್’, ‘ರೀಚ್ಡ್ ಟು ಮೈಸೂರು’ ಎರಡರ ಕೆಳಗೂ ಕೆಂಪು ಗೆರೆ. ಆಂದೋಲನ ಸರ್ಕಲ್ ಹತ್ತಿರ ಟೀ ಕುಡಿಯುತ್ತಾ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದೆವು. ತಪ್ಪೇನು ಅಂತ ಒಬ್ಬರಿಗೂ ಹೊಳೆಯಲಿಲ್ಲ. ಐದನೇ ಕ್ಲಾಸಿನಲ್ಲಿ ಎಬಿಸಿಡಿ ಶುರು ಮಾಡಿದವರು ನಾವು. ನಮಗೆ ತಲೆ ಇಲ್ಲ ಅಂದುಕೊಂಡು ರೂಮಿಗೆ ಹೋದೆವು.

ತಲೆ ಇತ್ತು. ತಲೆಯೊಳಗೆ ಕನ್ನಡ ಇತ್ತು, ಅಷ್ಟೆ. ಬಸ್ಸಿಗೆ ಕಾಯುತ್ತೇವೆ, ನಾಯಿಗೆ ಹೆದರುತ್ತೇವೆ, ಮನೆಗೆ ಹೋಗುತ್ತೇವೆ, ಅಪ್ಪನಿಗೆ ಹೇಳುತ್ತೇವೆ. ಎಲ್ಲಕ್ಕೂ ಒಂದೇ ‘ಗೆ’. ಇಂಗ್ಲಿಷಿನಲ್ಲಿ ಕಾಯುವುದಕ್ಕೆ ‘ವೇಟ್ ಫಾರ್’, ಹೆದರುವುದಕ್ಕೆ ‘ಅಫ್ರೇಡ್ ಆಫ್’, ಮನೆಗೆ ಹೋಗುವಾಗ ಬರೀ ‘ಗೋ ಹೋಮ್’. ಅಪ್ಪನಿಗೆ ಹೇಳಲು ‘ಸೇ’ ಬಳಸಿದರೆ ‘ಟು’ ಬೇಕು, ‘ಟೆಲ್’ ಬಳಸಿದರೆ ಬೇಡ. ಯಾವ ಕ್ರಿಯಾಪದಕ್ಕೆ ಯಾವ ಜೊತೆಗಾರ ಅನ್ನುವುದನ್ನು ಅರ್ಥದಿಂದ ಊಹಿಸಲು ಆಗುವುದಿಲ್ಲ. ‘ಟಾಕ್’ಗೆ, ‘ಡಿಸ್ಕಷನ್’ಗೆ ‘ಅಬೌಟ್’ ಬರುತ್ತದೆ, ‘ಡಿಸ್ಕಸ್’ಗೆ ಬರುವುದಿಲ್ಲ! ನಮ್ಮ ತಪ್ಪನ್ನೇ ಆಫ್ರಿಕಾದ ಹಲವು ದೇಶಗಳ ಜನರೂ ಮಾಡುತ್ತಾರೆ.

ಇದನ್ನು ಪಟ್ಟಿ ಮಾಡಿಕೊಟ್ಟವರಲ್ಲಿ ಮುಖ್ಯನಾದವನು ಎ. ಎಸ್. ಹಾರ್ನ್‌ಬಿ. ಜಪಾನಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದ ಈತ, ಹೆರಾಲ್ಡ್ ಪಾಮರ್ ಶುರು ಮಾಡಿದ್ದ ಕೆಲಸವನ್ನು ಮುಂದುವರಿಸಿ, ಕ್ರಿಯಾಪದಗಳನ್ನು 25 ಮಾದರಿಗಳಾಗಿ ವಿಂಗಡಿಸಿದ. ಇಬ್ಬರು ಜೊತೆಗಾರರೊಂದಿಗೆ ಈತ ಮಾಡಿದ ನಿಘಂಟು 1942ರಲ್ಲಿ ಟೋಕಿಯೊದಲ್ಲಿ ಅಚ್ಚಾಯಿತು. 1948ರಲ್ಲಿ ಅದನ್ನೇ ಆಕ್ಸ್‌ಫರ್ಡ್ ಹೊರತಂದಿತು. ಇಂಗ್ಲಿಷರ ಊರಿನಲ್ಲಿ ಅಲ್ಲ, ಕಲಿಯುವವರು ತಡವರಿಸುತ್ತಿದ್ದ ಕಡೆ ಈ ಕೆಲಸ ನಡೆಯಿತು ಅನ್ನುವುದು ನಮಗೆ ಸಮಾಧಾನದ ಸಂಗತಿ.

ಹಾಗಂತ ಕನ್ನಡ ಏನೂ ಸಲೀಸಲ್ಲ. ‘ಬೆಟ್ಟವನ್ನು ಹತ್ತಿದ’, ‘ಬೆಟ್ಟಕ್ಕೆ ಹತ್ತಿದ’ ಎರಡೂ ನಡೆಯುತ್ತವೆ. ಒಂದು ವಿಭಕ್ತಿಯ ಜಾಗಕ್ಕೆ ಇನ್ನೊಂದು ಬರುವುದನ್ನು 13ನೇ ಶತಮಾನದಲ್ಲೇ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಹೇಳಿದ್ದಾನೆ. ನಾವು ಹೈಸ್ಕೂಲಿನಲ್ಲಿ ವಿಭಕ್ತಿ ಪಲ್ಲಟ ಅಂತ ಉರು ಹೊಡೆದದ್ದು ಅದನ್ನೇ. ಅದು ಇಂಗ್ಲಿಷ್ ಪೀರಿಯಡ್ಡಿಗೂ ಉಪಯೋಗಕ್ಕೆ ಬರುತ್ತದೆ ಅಂತ ಯಾರೂ ಹೇಳಿರಲಿಲ್ಲ.

ಪಟ್ಟಿ ಉರು ಹೊಡೆಸಿದರೆ ಭಾಷೆ ಬರುತ್ತದೆಯೇ? ಬರುವುದಿಲ್ಲ ಎಂದು ವಾದಿಸಿದವರು ಎನ್. ಎಸ್. ಪ್ರಭು. 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಅವರು ನಡೆಸಿದ ಪ್ರಯೋಗ ‘ಬೆಂಗಳೂರು ಪ್ರಾಜೆಕ್ಟ್’ ಎಂದು ಹೊರದೇಶಗಳಲ್ಲೂ ಹೆಸರಾಯಿತು. ವ್ಯಾಕರಣ ಪಾಠ ಬದಿಗಿಟ್ಟು, ಮಕ್ಕಳ ಕೈಗೆ ರೈಲಿನ ವೇಳಾಪಟ್ಟಿ, ನಕ್ಷೆ ಕೊಟ್ಟು ಲೆಕ್ಕ ಬಿಡಿಸಲು ಹೇಳುತ್ತಿದ್ದರು. ಗಮನ ಅರ್ಥದ ಮೇಲಿದ್ದರೆ ‘ಅಟ್’, ‘ಫ್ರಮ್’ಗಳು ತಾವಾಗಿ ಕೂರುತ್ತವೆ ಅನ್ನುವುದು ಅವರ ನಂಬಿಕೆ. ನಮಗೆ ಅನ್ನಿಸುವುದು, ಚಿಕ್ಕ ಮಕ್ಕಳಿಗೆ ಇದು ಸರಿ. ನಾಳೆಯೇ ಅರ್ಜಿ ಹಾಕಬೇಕಾದವರಿಗೆ ಹಾರ್ನ್‌ಬಿಯ ಪಟ್ಟಿಯೂ ಬೇಕು.

ನಮ್ಮ ಸರ್ಕಾರಿ ಶಾಲೆಗಳಿಗೆ ಒಂದನೇ ತರಗತಿಯಿಂದ ಇಂಗ್ಲಿಷ್ ಬಂದದ್ದು 2007ರಲ್ಲಿ. ಅಷ್ಟರಲ್ಲಿ ನಾವು ದಾಟಿ ಹೋಗಿದ್ದೆವು. ಈಗ ನೋಟ್‌ಬುಕ್ಕಿನಲ್ಲಿ ‘ವೇಟ್’ ಅಂತ ಒಂಟಿಯಾಗಿ ಬರೆಯುವುದಿಲ್ಲ, ‘ವೇಟ್ ಫಾರ್ ದ ಬಸ್’ ಅಂತ ಇಡಿಯಾಗಿ ಬರೆದುಕೊಳ್ಳುತ್ತೇವೆ. ಆ ಅರ್ಜಿಯನ್ನು ತಿದ್ದಿ ಮತ್ತೆ ಕೊಟ್ಟಿದ್ದೆವು. ಕೆಲಸ ಸಿಗಲಿಲ್ಲ, ಗೆರೆಯೂ ಬೀಳಲಿಲ್ಲ.